ಉಕುಲೆಲೆ ಕೊಳ್ಳೋ ಮುಂಚೆ ಮರ ನೋಡಿ, ಆಮೇಲೆ ಮೆಟ್ಟಿಲು ನೋಡಿ

ಈಗ ಮಕ್ಕಳ ಬಾಯಲ್ಲಿ ಗಿಟಾರ್ ಜೊತೆ ಜೊತೆಗೇ ಕೇಳಿಬರೋ ಇನ್ನೊಂದು ಹೆಸರು ಉಕುಲೆಲೆ. ನಾಲ್ಕೇ ತಂತಿ, ಎದೆಗವಚಿ ಹಿಡಿಯೋ ಗಾತ್ರ, ಒಂದು ಬೆರಳಿಟ್ಟರೆ ಸಾಕು ಒಂದು ಕಾರ್ಡ್ ಬರುತ್ತೆ. ಮೊಬೈಲಲ್ಲಿ ಯಾರೋ ನುಡಿಸೋದು ನೋಡಿದ ಮಕ್ಕಳಿಗೆ ‘ಇದು ನನಗೂ ಆಗುತ್ತೆ’ ಅನಿಸೋದು ಸಹಜ. ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಷ್ಟೇ ಅಲ್ಲ, ಚಾಮರಾಜನಗರ ತಾಲ್ಲೂಕಿನ ನಮ್ಮ ಹರವೆಯಲ್ಲೂ ಇದೇ ಕತೆ. ನಾನು ಸಾಫ್ಟ್‌ವೇರ್ ಕೆಲಸದವನು, ಬಿಡುವಿದ್ದಾಗ ಉಕುಲೆಲೆ ನುಡಿಸ್ತೀನಿ. ಹಾಗಾಗಿ ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಕೇಳ್ತಾರೆ: “ಕೂಸು ಒಂದೇ ಹಟ ಹಿಡ್ಕಂಡದ ಕಣಪ್ಪ, ಯಾವುದು ತಗಳದು? ಸಾವಿರ ರೂಪಾಯಿಗೂ ಅದೆ, ಇಪ್ಪತ್ತು ಸಾವಿರಕ್ಕೂ ಅದೆ. ನೋಡಕ್ಕೆ ಎಲ್ಲ ಒಂದೇ ಥರ ಅವೆ.”

ನೋಡೋಕೆ ಒಂದೇ ಥರ ಇರೋದೇ ಇಲ್ಲಿನ ತೊಂದರೆ. ಫೋಟೋದಲ್ಲಿ ವ್ಯತ್ಯಾಸ ಕಾಣಲ್ಲ. ಕೈಗೆ ಬಂದಮೇಲೆ, ಅದೂ ನುಡಿಸೋಕೆ ಕೂತಮೇಲೆ ಗೊತ್ತಾಗುತ್ತೆ. ಅಷ್ಟರಲ್ಲಿ ದುಡ್ಡು ಹೋಗಿರುತ್ತೆ. ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ನನ್ನ ಅಕ್ಕನ ಮಗಳು ಏಳನೇ ಕ್ಲಾಸು. ಅವಳ ಹುಟ್ಟಿದ ಹಬ್ಬಕ್ಕೆ ಯಾರೋ ಪ್ರೀತಿಯಿಂದ ಒಂದು ಅಗ್ಗದ ಉಕುಲೆಲೆ ಕೊಟ್ಟಿದ್ದರು. ತಂತಿ ಹಲಗೆಯಿಂದ ಎಷ್ಟು ಮೇಲಿತ್ತು ಅಂದರೆ ಒತ್ತೋಕೆ ಎರಡು ಬೆರಳು ಬೇಕು. ಶ್ರುತಿ ಮಾಡಿ ಇಟ್ಟರೂ ಎರಡನೇ ಮೆಟ್ಟಿಲಲ್ಲೇ ಅಪಸ್ವರ. ಆ ಹುಡುಗಿ ವಾದ್ಯವನ್ನ ಬೈಯಲಿಲ್ಲ. “ನಂಗೆ ಸಂಗೀತ ಬರಲ್ಲ ಮಾವ, ನನ್ ಬೆರಳೇ ಸರಿಯಿಲ್ಲ” ಅಂದಳು. ಕೆಟ್ಟ ವಾದ್ಯ ಮಾಡೋ ಅನ್ಯಾಯ ಇದೇ. ತಪ್ಪು ತನ್ನದು ಅಂತ ಮಗು ನಂಬಿಬಿಡುತ್ತೆ. ಅದಕ್ಕೇ ಈ ಲೇಖನ.

ಬಡಗಿಗಳ ಕೈಯಲ್ಲಿ ಹುಟ್ಟಿದ ವಾದ್ಯ

ಉಕುಲೆಲೆ ಹವಾಯಿ ದ್ವೀಪದ್ದು ಅಂತ ಎಲ್ಲರಿಗೂ ಗೊತ್ತು. ಆದರೆ ಅದರ ಅಜ್ಜನ ಮನೆ ಪೋರ್ಚುಗಲ್‌ಗೆ ಸೇರಿದ ಮಡೀರಾ ದ್ವೀಪ. 1879ರ ಆಗಸ್ಟ್ 23ರಂದು ‘ರೇವನ್ಸ್‌ಕ್ರ್ಯಾಗ್’ ಅನ್ನೋ ಹಡಗು ಕಬ್ಬಿನ ತೋಟದ ಕೂಲಿಗೆ ಅಂತ ಬಂದ ಮಡೀರಾದ ಜನರನ್ನ ಹೊನೊಲುಲುವಿನಲ್ಲಿ ಇಳಿಸಿತು. ಅವರಲ್ಲಿ ಮೂವರು ಮರಗೆಲಸದವರು: ಮ್ಯಾನುಯೆಲ್ ನ್ಯೂನೆಸ್, ಆಗಸ್ಟೊ ಡಯಾಸ್, ಜೋಸ್ ದೊ ಎಸ್ಪಿರಿಟೊ ಸಾಂಟೊ. ತಮ್ಮೂರಿನ ‘ಮಶೆಟ್’ ಅನ್ನೋ ಪುಟ್ಟ ವಾದ್ಯದ ಮಾದರಿಯಲ್ಲಿ, ಅಲ್ಲಿ ಸಿಗ್ತಿದ್ದ ಕೋವಾ ಮರದಲ್ಲಿ ಇವರು ಮಾಡಿದ್ದೇ ಉಕುಲೆಲೆ ಆಯಿತು. ಹವಾಯಿ ಮಾತಲ್ಲಿ ‘ಉಕು’ ಅಂದರೆ ಚಿಗಟ, ‘ಲೆಲೆ’ ಅಂದರೆ ಹಾರೋದು. ತಂತಿ ಮೇಲೆ ಬೆರಳು ಚಿಗಟದ ಥರ ಹಾರಾಡುತ್ತೆ ಅನ್ನೋದರಿಂದ ಈ ಹೆಸರು ಬಂತು ಅಂತ ಹೇಳ್ತಾರೆ. ಸ್ಯಾಮುಯೆಲ್ ಕಮಾಕಾ 1916ರಲ್ಲಿ ಹೊನೊಲುಲುವಿನಲ್ಲಿ ಶುರು ಮಾಡಿದ ಕಾರ್ಖಾನೆ ಇವತ್ತಿಗೂ ಅದೇ ಮನೆತನದ ಕೈಯಲ್ಲಿದೆ, ಇವತ್ತಿಗೂ ಕೋವಾದಲ್ಲೇ ಉಕುಲೆಲೆ ಮಾಡುತ್ತೆ.

ಇದನ್ನ ಹೇಳಿದ್ದಕ್ಕೆ ಕಾರಣ ಇದೆ. ಸಿಕ್ಕಿದ ಊರಿನ ಮರವನ್ನ ಅರ್ಥ ಮಾಡಿಕೊಂಡು ನಾದ ತೆಗೆಯೋದು ಬಡಗಿ ವಿದ್ಯೆ. ನಮಗೆ ಇದು ಹೊಸದೇನಲ್ಲ. ವೀಣೆಗೆ ಹಲಸಿನ ಮರವೇ ಆಗಬೇಕು ಅನ್ನೋದನ್ನ ದಕ್ಷಿಣದ ವೀಣೆ ಮಾಡೋರು ತಲೆತಲಾಂತರದಿಂದ ಪಾಲಿಸಿಕೊಂಡು ಬಂದಿದ್ದಾರೆ. ಹಲಸಿನಲ್ಲೇ ಮಾಡೋ ತಂಜಾವೂರು ವೀಣೆಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕೊಡ, ದಂಡಿ ಎಲ್ಲವನ್ನೂ ಒಂದೇ ದಿಮ್ಮಿಯಲ್ಲಿ ಕಡೆದರೆ ಅದಕ್ಕೆ ಏಕಾಂಡ ವೀಣೆ ಅಂತಾರೆ, ಅದರ ಬೆಲೆಯೇ ಬೇರೆ. ನಮ್ಮ ಕಡೆ ಮಂಟೇಸ್ವಾಮಿ ಕತೆ ಹಾಡೋ ನೀಲಗಾರರ ಹೆಗಲ ಮೇಲಿನ ತಂಬೂರಿಯೂ ಮರದ ನಾದವೇ. ಅಖಂಡ ಮರಕ್ಕೂ ತುಂಡು ಜೋಡಿಸಿದ ಮರಕ್ಕೂ ನಾದದಲ್ಲಿ ವ್ಯತ್ಯಾಸ ಇದೆ ಅನ್ನೋದು ನಮ್ಮ ಹಿರಿಯರ ಕಿವಿಗೆ ಗೊತ್ತಿತ್ತು. ಉಕುಲೆಲೆ ಅಂಗಡಿಯಲ್ಲಿ ನಾವು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ.

ಸಾಲಿಡ್ ಯಾವುದು, ಪ್ಲೈವುಡ್ ಯಾವುದು

ತಂತಿ ಮೀಟಿದಾಗ ಅದರ ನಡುಕ ಕುದುರೆಯ ಮೂಲಕ ಮುಖದ ಹಲಗೆಗೆ ಇಳಿಯುತ್ತೆ. ಮುಂಭಾಗದಲ್ಲಿ ದುಂಡನೆ ತೂತು ಇರೋ ಹಲಗೆ ಇದೆಯಲ್ಲ, ಅದೇ ಮುಖ. ಆ ಹಲಗೆ ನಡುಗಿ ಒಳಗಿನ ಗಾಳಿಯನ್ನ ನಡುಗಿಸುತ್ತೆ. ನಮಗೆ ಕೇಳಿಸೋದು ಬಹುಪಾಲು ಇದೇ. ಈ ಹಲಗೆಯ ದಪ್ಪ ಸುಮಾರು ಎರಡು ಮಿಲಿಮೀಟರ್ ಅಷ್ಟೆ.

ಅದು ಮರದಿಂದ ಸೀಳಿ ತೆಗೆದ ಹಲಗೆಯಾದರೆ ಅದಕ್ಕೆ ‘ಸಾಲಿಡ್’ ಅಂತಾರೆ. ಮರದ ನಾರೆಲ್ಲ ಒಂದೇ ದಿಕ್ಕಿಗೆ ಇರೋದರಿಂದ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಮೆದು. ಹಗುರ, ಬೇಗ ನಡುಗುತ್ತೆ, ನಾದ ಸ್ವಲ್ಪ ಹೊತ್ತು ನಿಲ್ಲುತ್ತೆ. ಸಾಮಾನ್ಯವಾಗಿ ಒಂದೇ ತುಂಡನ್ನ ಪುಸ್ತಕ ಬಿಡಿಸಿದ ಹಾಗೆ ಎರಡಾಗಿ ಸೀಳಿ ನಡುವೆ ಅಂಟಿಸಿರ್ತಾರೆ. ಅದು ಲೋಪ ಅಲ್ಲ, ಅದೂ ಸಾಲಿಡ್ಡೇ. ಬದಲಿಗೆ ತೆಳು ಪದರಗಳನ್ನ ಅಡ್ಡಡ್ಡ ಇಟ್ಟು ಅಂಟಿನಿಂದ ಒತ್ತಿದ್ದರೆ ಅದು ಲ್ಯಾಮಿನೇಟ್, ನಮ್ಮ ಭಾಷೇಲಿ ಪ್ಲೈವುಡ್. ಗಟ್ಟಿಮುಟ್ಟು, ಹವಾಮಾನಕ್ಕೆ ಜಗ್ಗಲ್ಲ, ಆದರೆ ಅಷ್ಟು ಸುಲಭವಾಗಿ ನಡುಗಲ್ಲ. ಸದ್ದು ಬರುತ್ತೆ, ಬೇಗ ಅಡಗುತ್ತೆ.

ಹಾಗಾಗಿ ಮಾರುಕಟ್ಟೆಯಲ್ಲಿ ಮೂರು ಮೆಟ್ಟಿಲು ಇದೆ ಅಂದುಕೊಳ್ಳಿ. ಪೂರ್ತಿ ಲ್ಯಾಮಿನೇಟ್ ಒಂದು. ಮುಖ ಮಾತ್ರ ಸಾಲಿಡ್, ಬೆನ್ನು ಮತ್ತು ಪಕ್ಕ ಲ್ಯಾಮಿನೇಟ್ ಎರಡನೇದು, ಇದಕ್ಕೆ ‘ಸಾಲಿಡ್ ಟಾಪ್’ ಅಂತಾರೆ. ಎಲ್ಲವೂ ಸಾಲಿಡ್ ಮೂರನೇದು, ‘ಆಲ್ ಸಾಲಿಡ್’. ಒಂದೊಂದು ಮೆಟ್ಟಿಲು ಹತ್ತಿದರೂ ಬೆಲೆ ಜೋರಾಗೇ ಏರುತ್ತೆ. ಆದರೆ ನಾದದಲ್ಲಿ ದೊಡ್ಡ ಜಿಗಿತ ಇರೋದು ಮೊದಲನೇದರಿಂದ ಎರಡನೇದಕ್ಕೆ. ಯಾಕಂದರೆ ಹೆಚ್ಚು ಕೆಲಸ ಮಾಡೋದು ಮುಖದ ಹಲಗೆ. ಕೈಲಿರೋ ದುಡ್ಡು ಲೆಕ್ಕದ್ದಾದರೆ ಮುಖಕ್ಕೆ ಕೊಡಿ, ಬೆನ್ನಿಗೆ ಬೇಡ.

ಬರೆದಿಲ್ಲ ಅಂದರೆ ಇಲ್ಲ

ಆನ್‌ಲೈನ್ ಅಂಗಡಿಯ ವಿವರ ಓದೋಕೆ ನಾನು ಪಾಲಿಸೋ ನಿಯಮ ಒಂದೇ: ಬರೆದಿಲ್ಲ ಅಂದರೆ ಇಲ್ಲ. ‘ಮಹಾಗನಿ ಟಾಪ್’ ಅಂತ ಇದ್ದು ‘ಸಾಲಿಡ್’ ಅನ್ನೋ ಪದ ಇಲ್ಲದಿದ್ದರೆ ಅದು ಲ್ಯಾಮಿನೇಟ್ ಅಂತಲೇ ತಿಳೀರಿ. ಮೇಲಿನ ಒಂದು ಪದರ ಮಾತ್ರ ಮಹಾಗನಿ ಆಗಿದ್ದರೂ ಹಾಗೆ ಬರೆಯಬಹುದು. ‘ಕೋವಾ ಫಿನಿಶ್’, ‘ರೋಸ್‌ವುಡ್ ಬಣ್ಣ’ ಇವೆಲ್ಲ ಬಣ್ಣದ ಹೆಸರು, ಮರದ ಹೆಸರಲ್ಲ. ‘ಪ್ರೀಮಿಯಂ ವುಡ್’, ‘ಟೋನ್‌ವುಡ್’ ಅನ್ನೋದಕ್ಕೆ ಯಾವ ಅರ್ಥವೂ ಇಲ್ಲ. ‘ಸಾಲಿಡ್ ವುಡ್ ಕನ್‌ಸ್ಟ್ರಕ್ಷನ್’ ಅಂತ ಒಟ್ಟಾರೆ ಬರೆದಿದ್ದರೆ ಮಾರೋರಿಗೆ ಒಂದು ಮೆಸೇಜ್ ಹಾಕಿ, “ಟಾಪ್ ಸಾಲಿಡ್ಡಾ, ಬೆನ್ನು ಸಾಲಿಡ್ಡಾ, ಪಕ್ಕ ಸಾಲಿಡ್ಡಾ?” ಅಂತ ಮೂರನ್ನೂ ಬೇರೆ ಬೇರೆ ಕೇಳಿ. ಉತ್ತರ ಬಿಡಿಬಿಡಿಯಾಗಿ ಬರಲಿಲ್ಲ ಅಂದರೆ ಮುಂದಿನ ಅಂಗಡಿ ನೋಡಿ.

ಕೈಗೆ ಸಿಕ್ಕರೆ ಕಣ್ಣಲ್ಲೇ ಪರೀಕ್ಷೆ ಮಾಡಬಹುದು. ಮೊಬೈಲ್ ಟಾರ್ಚ್ ಹಾಕಿ ದುಂಡನೆ ತೂತಿನ ಅಂಚು ನೋಡಿ. ಹಲಗೆಯ ಗೆರೆಗಳು ಮೇಲಿನಿಂದ ಅಂಚಿನ ಮೂಲಕ ಒಳಗೂ ಹಾಗೇ ಹರಿದಿದ್ದರೆ ಸಾಲಿಡ್. ಅಂಚಲ್ಲಿ ಬಿಸ್ಕತ್ತಿನ ಥರ ಮೂರು ಪದರ ಕಂಡರೆ ಲ್ಯಾಮಿನೇಟ್. ಅಂಚಿಗೆ ಪಟ್ಟಿ ಅಂಟಿಸಿ ಅಥವಾ ಕಪ್ಪು ಬಳಿದು ಮುಚ್ಚಿದ್ದರೆ ಬೆನ್ನಿನ ಹಲಗೆ ನೋಡಿ. ಹೊರಗಿರೋ ಒಂದು ಗಂಟೋ ಕಪ್ಪು ಗೆರೆಯೋ ಒಳಗೂ ಅದೇ ಜಾಗದಲ್ಲಿ ಕಾಣಬೇಕು. ಹೊರಗೆ ಒಂದು ಮರ, ಒಳಗೆ ಇನ್ನೊಂದು ಮರ ಅಂದರೆ ಕೇಳೋದೇ ಬೇಡ.

ಮರದ ಹೆಸರಿನ ಗೊಂದಲ

ಕೋವಾ ಬೆಳೆಯೋದು ಹವಾಯಿಯಲ್ಲಿ ಮಾತ್ರ, ಅದಕ್ಕೇ ದುಬಾರಿ. ಅದರ ಶಾಸ್ತ್ರೀಯ ಹೆಸರು ಅಕೇಶಿಯಾ ಕೋವಾ. ನಮ್ಮ ಅರಣ್ಯ ಇಲಾಖೆ ಮಲೆನಾಡು, ಕರಾವಳಿ ಕಡೆ ಸಾಲುಸಾಲಾಗಿ ನೆಟ್ಟ ಅಕೇಶಿಯಾ ಕೂಡ ಅದೇ ಕುಲದ್ದು. ಹೊಲದ ಬದುವಿನ ಕರಿಜಾಲಿಯೂ ಅದಕ್ಕೆ ದೂರದ ನೆಂಟ. ಏಷ್ಯಾದ ಬೇರೆ ಅಕೇಶಿಯಾ ಮರಗಳಲ್ಲಿ ಮಾಡಿದ ಉಕುಲೆಲೆಗಳು ಬರ್ತವೆ, ನೋಡೋಕೆ ಕೋವಾ ಥರಾನೇ. ಒಳ್ಳೇವೂ ಇವೆ. ಆದರೆ ಅಕೇಶಿಯಾ ಕೊಟ್ಟು ಕೋವಾ ಬೆಲೆ ಇಸ್ಕೊಳ್ಳೋದು ಸರಿಯಲ್ಲ. ಅದನ್ನ ನೋಡ್ಕೊಳ್ಳಿ.

ಮಹಾಗನಿ ಹೆಸರಲ್ಲೂ ಹೀಗೇ. ಸಪೇಲೆ ಅನ್ನೋ ಆಫ್ರಿಕಾದ ಮರ ಮಹಾಗನಿಯ ಸಂಬಂಧಿಕ, ಅದು ಬಂದರೆ ಮೋಸ ಏನಿಲ್ಲ. ನೇಟೊ ಅನ್ನೋದು ಬೇರೆ ಮನೆತನದ ಮರ, ಅದನ್ನೂ ‘ಈಸ್ಟರ್ನ್ ಮಹಾಗನಿ’ ಅಂತ ಮಾರ್ತಾರೆ. ಸ್ಥೂಲವಾಗಿ ಹೇಳೋದಾದರೆ ಮಹಾಗನಿಯ ನಾದ ಮೆತ್ತಗೆ, ತುಂಬಿಕೊಂಡಂತೆ. ಸ್ಪ್ರೂಸ್ ಅನ್ನೋ ಬಿಳಿ ಮರದ ಮುಖ ಇದ್ದರೆ ಚುರುಕು, ಜೋರು. ಕೋವಾ ಇವೆರಡರ ನಡುವೆ. ಮಗುವಿಗೆ ಮೊದಲ ಒಳ್ಳೇ ವಾದ್ಯಕ್ಕೆ ಸಾಲಿಡ್ ಮಹಾಗನಿ ಮುಖ ಸಾಕು.

ಇನ್ನು ಬೀಟೆ. ಬಿಳಿಗಿರಿರಂಗನ ಬೆಟ್ಟ, ಬಂಡೀಪುರದ ಕಾಡುಗಳಲ್ಲಿ ಬೆಳೆಯೋ ನಮ್ಮ ಬೀಟೆಯನ್ನೇ ಜಗತ್ತಿನ ವಾದ್ಯಗಾರರು ಇಂಡಿಯನ್ ರೋಸ್‌ವುಡ್ ಅನ್ನೋದು. ಗಿಟಾರ್, ಉಕುಲೆಲೆಗಳ ಬೆರಳ ಹಲಗೆ, ಕುದುರೆಗೆ ಬಹಳ ಕಾಲದಿಂದ ಇದು ಬೇಕಾದ ಮರ. ಬೀಟೆ ಸೇರಿದ ಡಾಲ್ಬರ್ಜಿಯಾ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರ ಜನವರಿಯಿಂದ ಸೈಟಿಸ್ ಒಪ್ಪಂದದಡಿ ಕಟ್ಟುನಿಟ್ಟು ಬಂತು. ತಯಾರಾದ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ಆ ನಡುವೆ ಎಷ್ಟೋ ಕಂಪನಿಗಳು ಬೆರಳ ಹಲಗೆಗೆ ಬೇರೆ ಮರ ಹಾಕೋಕೆ ಶುರು ಮಾಡಿದವು. ಅದರಿಂದ ಬೀಟೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಒಳ್ಳೇ ಉಕುಲೆಲೆ ಬಿಡಬೇಡಿ. ಬೆರಳ ಹಲಗೆ ಗಟ್ಟಿ ಮರ ಆಗಿರಬೇಕು ಅಷ್ಟೆ.

ಮರಕ್ಕಿಂತ ಮೊದಲು ಮೆಟ್ಟಿಲು

ಇಷ್ಟೆಲ್ಲ ಮರದ ಪುರಾಣ ಹೇಳಿ ಈಗ ಇನ್ನೊಂದು ಮಾತು. ಎಂಥ ಮರ ಆದರೂ ಮೆಟ್ಟಿಲು ತಪ್ಪಿದ್ದರೆ ವಾದ್ಯ ಕೆಟ್ಟಿದ್ದೇ. ವೀಣೆಯಲ್ಲಿ 24 ಮೆಟ್ಟಿಲುಗಳನ್ನ ಮೇಣದ ಮೇಲೆ ಕೂರಿಸಿರ್ತಾರೆ. ಸ್ವರ ಜರುಗಿದರೆ ಮೇಣ ಕಾಯಿಸಿ ಮತ್ತೆ ಕೂರಿಸಬಹುದು. ಉಕುಲೆಲೆಯ ಮೆಟ್ಟಿಲು, ಅಂದರೆ ಫ್ರೆಟ್, ಮರದಲ್ಲಿ ಗಾಡಿ ಕೊಯ್ದು ಬಡಿದಿರೋದು. ಜಾಗ ತಪ್ಪಿದ್ದರೆ ಜೀವನಪೂರ್ತಿ ತಪ್ಪೇ. ಅದಕ್ಕೆ ಈ ನಾಲ್ಕು ಪರೀಕ್ಷೆ ಮಾಡಿ. ನಿಮಗೆ ನುಡಿಸೋಕೆ ಬರಬೇಕು ಅಂತಿಲ್ಲ.

ಒಂದು, ಫೋನಲ್ಲಿ ಪುಕ್ಕಟೆ ಸಿಗೋ ಟ್ಯೂನರ್ ಆ್ಯಪ್ ಹಾಕಿಕೊಳ್ಳಿ. ತಂತಿಗಳನ್ನ ಮೇಲಿಂದ ಕೆಳಕ್ಕೆ ಜಿ, ಸಿ, ಇ, ಎ ಅಂತ ಶ್ರುತಿ ಮಾಡಿಸಿ. ಕೊನೇ ತಂತಿ ಎ ಅಂದರೆ 440 ಹರ್ಟ್ಜ್. ಆಮೇಲೆ ಪ್ರತಿ ತಂತಿಯನ್ನೂ 12ನೇ ಮೆಟ್ಟಿಲಲ್ಲಿ ಒತ್ತಿ ಮೀಟಿ. ಆ್ಯಪ್ ಅದೇ ಅಕ್ಷರ ತೋರಿಸಬೇಕು, ಮುಳ್ಳು ಹೆಚ್ಚುಕಡಿಮೆ ನಡುವೆ ನಿಲ್ಲಬೇಕು. ಜೋರಾಗಿ ಆಚೀಚೆ ಹೋದರೆ ಬೇಡ.

ಎರಡು, ತಂತಿಯ ಎತ್ತರ. 12ನೇ ಮೆಟ್ಟಿಲ ಹತ್ತಿರ ತಂತಿಗೂ ಮೆಟ್ಟಿಲಿಗೂ ನಡುವೆ ಎರಡೂವರೆಯಿಂದ ಮೂರು ಮಿಲಿಮೀಟರ್ ಇದ್ದರೆ ಸರಿ. ಮೊದಲನೇ ಮೆಟ್ಟಿಲಲ್ಲಿ ಮಗು ಒಂದೇ ಬೆರಳಲ್ಲಿ ಕಷ್ಟಪಡದೆ ಒತ್ತೋ ಹಾಗಿರಬೇಕು. ಎತ್ತರ ಜಾಸ್ತಿ ಇದ್ದರೆ ಒಳ್ಳೇ ಅಂಗಡಿಯವರು ಅದನ್ನ ಉಜ್ಜಿ ಇಳಿಸಿಕೊಡ್ತಾರೆ. ಇದಕ್ಕೆ ಸೆಟಪ್ ಅಂತಾರೆ. ಕೊಳ್ಳೋವಾಗಲೇ ಕೇಳಿ ಮಾಡಿಸ್ಕೊಳ್ಳಿ.

ಮೂರು, ಕುತ್ತಿಗೆಯ ಅಂಚಿನ ಮೇಲೆ ಬೆರಳು ಜಾರಿಸಿ. ಮೆಟ್ಟಿಲ ತುದಿ ಗರಗಸದ ಥರ ಚುಚ್ಚಬಾರದು. ಪ್ರತಿ ತಂತಿಯನ್ನೂ ಒಂದೊಂದೇ ಮೆಟ್ಟಿಲಲ್ಲಿ ನುಡಿಸಿ, ಎಲ್ಲೂ ‘ಝರ್’ ಅನ್ನಬಾರದು.

ನಾಲ್ಕು, ಬಿರಡೆಗಳನ್ನ ತಿರುಗಿಸಿ ನೋಡಿ. ಹಲ್ಲು ಚಕ್ರದ ಬಿರಡೆ ನುಣ್ಣಗೆ ತಿರುಗಿ ಬಿಟ್ಟಲ್ಲೇ ನಿಲ್ಲಬೇಕು. ಒಂದು ವಿಷಯ ನೆನಪಿರಲಿ. ಹೊಸ ನೈಲಾನ್ ತಂತಿ ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುತ್ತೆ, ಶ್ರುತಿ ಇಳೀತಾ ಇರುತ್ತೆ. ಅದು ವಾದ್ಯದ ದೋಷ ಅಲ್ಲ, ವಾಪಸ್ ಕಳಿಸಬೇಡಿ.

ಗಾತ್ರದ ವಿಷಯ ಸರಳ. ಸೊಪ್ರಾನೊ 21 ಇಂಚು, ಕಾನ್ಸರ್ಟ್ 23-24 ಇಂಚು, ಟೆನರ್ 26 ಇಂಚು. ಐದಾರು ವರ್ಷದ ಮಗುವಿಗೆ ಸೊಪ್ರಾನೊ. ಹತ್ತು ದಾಟಿದವರಿಗೆ ಕಾನ್ಸರ್ಟ್ ಸರಿ, ದೊಡ್ಡವರಾದ ಮೇಲೂ ನಡೆಯುತ್ತೆ. ದಪ್ಪ ಬೆರಳಿನ ದೊಡ್ಡವರಿಗೆ ಟೆನರ್. 30 ಇಂಚಿನ ಬ್ಯಾರಿಟೋನ್‌ನ ಶ್ರುತಿಯೇ ಬೇರೆ, ಕಲಿಯೋರಿಗೆ ಬೇಡ.

ಮಗು ಕರ್ನಾಟಕ ಸಂಗೀತ ಕಲೀತಿದ್ದರೆ ಇನ್ನೊಂದು ಖುಷಿ ವಿಷಯ. ಸಿ ತಂತಿಯನ್ನ ಷಡ್ಜ ಅಂದುಕೊಂಡರೆ ನಾಲ್ಕು ತಂತಿ ಬಿಡಿಯಾಗಿ ಪ, ಸ, ಗ, ದ ನುಡಿಯುತ್ತೆ. ಮೋಹನ ರಾಗದಲ್ಲಿ ರಿಷಭ ಒಂದು ಬಿಟ್ಟು ಎಲ್ಲವೂ ಬಂದ ಹಾಗಾಯ್ತು. ವೀಣೆಯ ಗಮಕ ಇದರಲ್ಲಿ ಬರಲ್ಲ. ಆದರೆ ಸ್ವರಸ್ಥಾನ ಕಣ್ಣಿಗೆ ಕಾಣುತ್ತೆ, ಸರಳೆ ವರಸೆ ಚೆನ್ನಾಗೇ ನುಡಿಸಬಹುದು.

ನಮ್ಮ ಹವೆಗೆ ಹೊಂದುತ್ತಾ?

ಸಾಲಿಡ್ ಮರ ಅಂದರೆ ಉಸಿರಾಡೋ ಮರ. ಮಳೆಗಾಲದಲ್ಲಿ ಹಳೇ ಮನೆ ಬಾಗಿಲು ಊದಿಕೊಂಡು ಚೌಕಟ್ಟಿಗೆ ಕೂರಲ್ಲ, ಬೇಸಿಗೆಯಲ್ಲಿ ಎತ್ತಿನ ಗಾಡಿ ಚಕ್ರ ಒಣಗಿ ಸಡಿಲ ಆಗುತ್ತೆ. ತಮಟೆಯವರು ಬಾರಿಸೋ ಮುಂಚೆ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡ್ಕೊಳ್ಳೋದನ್ನ ನೋಡಿಲ್ವಾ? ಮರಕ್ಕೂ ಹಾಗೇ ತೇವದ ಲೆಕ್ಕ ಇದೆ. ಎರಡು ಮಿಲಿಮೀಟರ್ ಹಲಗೆಗೆ ಅದು ಇನ್ನೂ ನಾಜೂಕು.

ಸಾಲಿಡ್ ವಾದ್ಯಕ್ಕೆ ಗಾಳಿಯ ತೇವಾಂಶ ಶೇ 45ರಿಂದ 55ರ ಆಸುಪಾಸು ಇದ್ದರೆ ಆರೋಗ್ಯ. ಶೇ 40ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ಮರ ಕುಗ್ಗಿ ಸೀಳು ಬಿಡಬಹುದು, ಮೆಟ್ಟಿಲ ತುದಿ ಹೊರಗೆ ಚಾಚಬಹುದು. ತೇವ ಹೆಚ್ಚಾದರೆ ಮುಖ ಉಬ್ಬಿ ತಂತಿ ಮೇಲೇಳುತ್ತೆ. ಹರವೆ, ಗುಂಡ್ಲುಪೇಟೆ ಕಡೆ ಮಳೆ ಕಮ್ಮಿ, ಶಿವರಾತ್ರಿ ಕಳೆದ ಮೇಲೆ ಮಧ್ಯಾಹ್ನದ ಗಾಳಿ ಒಣಗಿದ ಹುಲ್ಲಿನ ಥರ. ಆದ್ದರಿಂದ ನಮ್ಮಲ್ಲಿ ಭಯ ಒಣಗೋದರದ್ದು. ಮಂಗಳೂರು, ಉಡುಪಿಯವರಿಗೆ ಇದರ ಉಲ್ಟಾ.

ಪರಿಹಾರ ದುಬಾರಿಯೇನಲ್ಲ. ನುಡಿಸಿದ ಮೇಲೆ ಗೋಡೆಗೆ ನೇತುಹಾಕದೆ ಪೆಟ್ಟಿಗೆ ಅಥವಾ ದಪ್ಪ ಬ್ಯಾಗಿನೊಳಗೆ ಮಡಗಿ. ಒಂದು ಪುಟ್ಟ ಡಿಜಿಟಲ್ ತೇವಮಾಪಕ ಒಳಗೆ ಇಡಿ. ಬೇಸಿಗೆಯಲ್ಲಿ ಸೋಪಿನ ಡಬ್ಬಿಗೆ ತೂತು ಮಾಡಿ, ಚೆನ್ನಾಗಿ ಹಿಂಡಿದ ಸ್ಪಂಜಿನ ತುಂಡು ಹಾಕಿ ಬ್ಯಾಗಿನಲ್ಲಿಡಿ. ನೀರು ತೊಟ್ಟಿಕ್ಕಬಾರದು, ಮರಕ್ಕೆ ತಾಗಬಾರದು. ಶೀಟು ಮನೆಯ ಅಟ್ಟ, ಬಿಸಿಲಲ್ಲಿ ನಿಂತ ಕಾರು, ಒಲೆ ಪಕ್ಕದ ಗೋಡೆ ಇವು ಮೂರೂ ಬೇಡ.

ಇಷ್ಟು ನೋಡ್ಕೊಳ್ಳೋಕೆ ಮನೇಲಿ ಯಾರಿಗೂ ಪುರುಸೊತ್ತಿಲ್ಲ, ಮಗು ಸ್ಕೂಲಿಗೆ ಬಸ್ಸಲ್ಲಿ ಹೊತ್ಕೊಂಡು ಹೋಗುತ್ತೆ ಅಂದರೆ ಚೆನ್ನಾಗಿ ಸೆಟಪ್ ಮಾಡಿದ ಲ್ಯಾಮಿನೇಟೇ ಜಾಣತನ. ಒಳ್ಳೇ ಲ್ಯಾಮಿನೇಟ್ ಅನ್ನೋದು ಬೈಗುಳ ಅಲ್ಲ. ಕೆಟ್ಟದಾಗಿ ಮಾಡಿದ ಸಾಲಿಡ್‌ಗಿಂತ ಅದು ಎಷ್ಟೋ ವಾಸಿ.

ಅಕ್ಕನ ಮನೆಯ ಲೆಕ್ಕ

ಭಾವ ಅರಿಶಿನ ಬೆಳೆಯೋರು. ಬೆಳೆ ದುಡ್ಡು ಬಂದಾಗ ಒಂದು ಮಿತಿ ಹಾಕ್ಕೊಂಡು, “ಇಷ್ಟ್ರಲ್ಲಿ ಮುಗಿಸು, ಆದ್ರೆ ಇನ್ನೊಂದ್ಸಲ ಕೊಡ್ಸಂಗಿರಬಾರ್ದು” ಅಂದರು. ಆ ಮಿತಿಯಲ್ಲಿ ಆಲ್ ಸಾಲಿಡ್ ಬರ್ತಿರಲಿಲ್ಲ, ಬಂದರೂ ಆ ಒಣ ಮನೆಗೆ ಹೊಂದ್ತಿರಲಿಲ್ಲ. ಮೈಸೂರಿಗೆ ಮಗಳನ್ನೇ ಕರ್ಕೊಂಡು ಹೋದ್ವಿ. ಸಾಲಿಡ್ ಮಹಾಗನಿ ಮುಖ, ಲ್ಯಾಮಿನೇಟ್ ಬೆನ್ನು, ಕಾನ್ಸರ್ಟ್ ಗಾತ್ರ. ಅಂಗಡಿಯಲ್ಲಿ ಒಂದೇ ಮಾದರಿಯವು ಮೂರು ಇದ್ದವು. ಮೂರನ್ನೂ ತೆಗೆಸಿ, ಅವಳ ಬೆನ್ನು ಆ ಕಡೆ ತಿರುಗಿಸಿ ಒಂದೊಂದೇ ಮೀಟಿದೆ. ಎರಡು ಸಲವೂ ಎರಡನೇದನ್ನೇ ಆರಿಸಿದಳು. ಮರ ಅಂದಮೇಲೆ ಒಂದರಂತೆ ಒಂದು ಇರಲ್ಲ, ಅದಕ್ಕೆ ಸಾಧ್ಯವಾದರೆ ಹೀಗೆ ಕೇಳಿಯೇ ಆರಿಸಿ. ಅಂಗಡಿಯವರು ತಂತಿಯ ಎತ್ತರ ಇಳಿಸಿಕೊಟ್ಟರು. ಅಷ್ಟಕ್ಕೇ ಅರ್ಧ ಗಂಟೆ ಹಿಡೀತು.

ಮೊದಲ ವಾರ ಬೆರಳ ತುದಿ ಉರಿ ಅಂದಳು, ಅದು ಎಲ್ಲರಿಗೂ ಇದ್ದದ್ದೇ. ಮೂರನೇ ವಾರ ಫೋನಲ್ಲಿ ಎರಡು ಕಾರ್ಡ್ ಬದಲಾಯಿಸೋದು ಕೇಳಿಸಿದಳು. ನಿಧಾನ ಇತ್ತು, ಆದರೆ ಶ್ರುತಿ ಸರಿಯಾಗಿತ್ತು. ಬೆರಳು ಸರಿಯಿಲ್ಲ ಅನ್ನೋ ಮಾತು ಆಮೇಲೆ ಬರಲಿಲ್ಲ.

ಅಂಗಡಿಗೆ ಹೊರಡೋ ಮುಂಚೆ ಇಷ್ಟು ನೆನಪಿಟ್ಟುಕೊಳ್ಳಿ: ಮೊದಲು ಸ್ವರ ಸರಿಯಿದೆಯಾ, ಆಮೇಲೆ ಮಗುವಿನ ಬೆರಳಿಗೆ ಹಗುರವಾ, ಆಮೇಲೆ ಮುಖದ ಹಲಗೆ ಸಾಲಿಡ್ಡಾ, ಕೊನೆಗೆ ಮರ ಯಾವುದು. ಈ ಕ್ರಮ ತಲೆಕೆಳಗು ಮಾಡಬೇಡಿ. ಮತ್ತೆ ಮಗುವನ್ನ ಮನೇಲಿ ಬಿಟ್ಟು ಹೋಗಬೇಡಿ, ಆರಿಸಬೇಕಾದ ಕಿವಿ ಅದರದ್ದೇ.